ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆ: ಒಂದೇ ಓದಿನಲ್ಲಿ ಹಲವು ಬಾಗಿಲು ತೆರೆದಿಡುವುದು ಹೇಗೆ?

2025ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು, ಸರ್ಕಾರಿ–ಖಾಸಗಿ ಎಲ್ಲ ಸೇರಿ, ಸುಮಾರು ಒಂದೂಕಾಲು ಲಕ್ಷ. ಸೀಟು ಸಿಗದೇ ಹೋಗುವುದು ಇಲ್ಲಿ ಸಾಮಾನ್ಯ ಸಂಗತಿ, ಅದರಲ್ಲಿ ಅವಮಾನ ಏನಿಲ್ಲ. ನಿಜವಾದ ನಷ್ಟ ಬೇರೆಯೇ ಇದೆ. ಎರಡು ವರ್ಷ ಕಷ್ಟಪಟ್ಟು ಓದಿದ ಅದೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಬಲದ ಮೇಲೆ ಇನ್ನೂ ನಾಲ್ಕೈದು ಪರೀಕ್ಷೆ ಬರೆಯಬಹುದಿತ್ತು, ಅರ್ಜಿಯನ್ನೇ ಹಾಕಿರುವುದಿಲ್ಲ. ಜೂನ್‌ನಲ್ಲಿ ನೀಟ್ ಫಲಿತಾಂಶ ಬಂದ ಮೇಲೆ "ಬೇರೆ ಏನಿದೆ?" ಎಂದು ಹುಡುಕಲು ಕೂತರೆ, ಆ ಬೇರೆಯವುಗಳ ಅರ್ಜಿಯ ಗಡುವು ಆಗಲೇ ಮುಗಿದಿರುತ್ತದೆ.

ಈ ಮಾರ್ಗದರ್ಶಿ ಕರ್ನಾಟಕದಲ್ಲಿ ವಿಜ್ಞಾನ ಪಿಯುಸಿ ಓದುತ್ತಿರುವ, ಅಥವಾ ಎಸ್‌ಎಸ್‌ಎಲ್‌ಸಿ ಮುಗಿಸಿ ಸೇರಲಿರುವ ವಿದ್ಯಾರ್ಥಿಗಳಿಗೆ ಮತ್ತು ಅವರ ಮನೆಯವರಿಗೆ.

ಗಣಿತ ಬಿಡುವ ಮುನ್ನ ಯೋಚಿಸಿ

ಮೊದಲ ತೀರ್ಮಾನ ಪ್ರಥಮ ಪಿಯುಸಿ ಪ್ರವೇಶದ ದಿನವೇ ಆಗಿಹೋಗುತ್ತದೆ. ಪಿಸಿಎಂಬಿ ತೆಗೆದುಕೊಂಡರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ವಿಷಯ ಇರುತ್ತವೆ. ಕೆಲವು ಕಾಲೇಜುಗಳಲ್ಲಿ ಗಣಿತದ ಬದಲು ಬೇರೆ ವಿಷಯ ಇರುವ ಸಂಯೋಜನೆ ಸಿಗುತ್ತದೆ. "ಹೇಗೂ ನೀಟ್‌ಗೆ ಗಣಿತ ಬೇಡ" ಎಂದು ಅದನ್ನು ಆರಿಸುವವರಿದ್ದಾರೆ.

ಗಣಿತ ಬಿಟ್ಟರೂ ಉಳಿಯುವುದು ಇಷ್ಟು: ನೀಟ್ ಮೂಲಕ ಸಿಗುವ ಎಲ್ಲ ಕೋರ್ಸ್‌ಗಳು, ನರ್ಸಿಂಗ್, ಫಾರ್ಮಸಿ, ಅರೆವೈದ್ಯಕೀಯ ಕೋರ್ಸ್‌ಗಳು, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮಾದರಿಯ ಬಿಎಸ್ಸಿ. ಮುಚ್ಚಿಹೋಗುವುದು ಏನೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ ಸಂಶೋಧನಾ ಪದವಿ. ಅಲ್ಲಿ ಜೀವಶಾಸ್ತ್ರವನ್ನೇ ಮುಖ್ಯವಾಗಿ ಓದುವವರಿಗೂ ಪಿಯುಸಿಯಲ್ಲಿ ಗಣಿತ ಇರಲೇಬೇಕು. ಜೈವಿಕ ತಂತ್ರಜ್ಞಾನದ ಬಿಇ ಕೂಡ ಹೋಗುತ್ತದೆ. ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶಕ್ಕೆ ಭೌತ, ರಸಾಯನ, ಜೀವಶಾಸ್ತ್ರ, ಗಣಿತ ಈ ನಾಲ್ಕರಲ್ಲಿ ಮೂರು ಓದಿದ್ದರೆ ಸಾಕು. ಆದರೆ ಅವರ ಪ್ರವೇಶ ಪರೀಕ್ಷೆಯ ಕಾಲು ಭಾಗ ಗಣಿತವೇ. ಇದಕ್ಕಿಂತ ದೊಡ್ಡ ಮಾತೊಂದಿದೆ. ಇಂದಿನ ಜೀವಶಾಸ್ತ್ರ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರ ಇಲ್ಲದೆ ಒಂದು ಪ್ರಯೋಗದ ಫಲಿತಾಂಶವನ್ನೂ ಓದಲಾಗದು. ಗಣಿತ ಕಷ್ಟ ಎನಿಸಿದರೂ ಪಾಸಾಗುವಷ್ಟು ಧೈರ್ಯ ಇದ್ದರೆ ಪಿಸಿಎಂಬಿಯೇ ಇರಲಿ.

ತಿರುಗಾಮುರುಗಾ ಆದವರಿಗೂ, ಅಂದರೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ಇರುವ ಪಿಸಿಎಂಸಿ ತೆಗೆದುಕೊಂಡು ಆಮೇಲೆ ವೈದ್ಯಕೀಯದತ್ತ ಮನಸ್ಸು ಹೋದವರಿಗೂ ಈಗ ದಾರಿ ಇದೆ. ಪಿಯುಸಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡು ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿತು.

ವಿಷಯಕ್ಕಿಂತ ಮೊದಲು ಕೆಲಸವನ್ನು ನೋಡಿ

"ನನಗೆ ಬಯಾಲಜಿ ಇಷ್ಟ" ಎನ್ನುವುದು ಒಳ್ಳೆಯ ಆರಂಭ, ಆದರೆ ಅಷ್ಟರಿಂದ ದಾರಿ ಗೊತ್ತಾಗುವುದಿಲ್ಲ. ಪಾಠದಲ್ಲಿ ಇಷ್ಟವಾಗುವುದೇ ಒಂದು, ದಿನಕ್ಕೆ ಎಂಟು ಗಂಟೆ ಮಾಡುವ ಕೆಲಸವೇ ಒಂದು. ಮೂತ್ರಪಿಂಡದ ಅಧ್ಯಾಯ ಚೆನ್ನಾಗಿ ಓದಿದವರಿಗೆಲ್ಲ ಡಯಾಲಿಸಿಸ್ ಘಟಕದಲ್ಲಿ ರೋಗಿಯ ಪಕ್ಕ ನಾಲ್ಕು ಗಂಟೆ ನಿಲ್ಲುವ ಸಹನೆ ಇರಬೇಕೆಂದಿಲ್ಲ.

ಪ್ರಥಮ ಪಿಯುಸಿ ರಜೆಯಲ್ಲಿ ನಾಲ್ಕು ಜಾಗ ನೋಡಿಬನ್ನಿ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯ, ಹತ್ತಿರದ ಪಶು ಆಸ್ಪತ್ರೆ, ಹೋಬಳಿಯ ರೈತ ಸಂಪರ್ಕ ಕೇಂದ್ರ, ಒಂದು ಬಿಎಸ್ಸಿ ಕಾಲೇಜಿನ ಪ್ರಯೋಗಾಲಯ. ಪಶು ಆಸ್ಪತ್ರೆಗೆ ಬೆಳಿಗ್ಗೆಯೇ ಹೋಗಿ. ಹಸು–ಎಮ್ಮೆಗಳನ್ನು ಕರೆತರುವುದು ಆಗಲೇ. ಎಲ್ಲೆಡೆ ಮೂರೇ ಪ್ರಶ್ನೆ ಕೇಳಿ: ಯಾವ ಕೋರ್ಸ್ ಓದಿದಿರಿ, ದಿನದಲ್ಲಿ ಹೆಚ್ಚು ಹೊತ್ತು ಹೋಗುವುದು ಯಾವ ಕೆಲಸಕ್ಕೆ, ರಾತ್ರಿ ಪಾಳಿ ಇದೆಯೇ. ರಕ್ತ ನೋಡಿದರೆ ತಲೆಸುತ್ತುವುದು ಅಷ್ಟು ದೊಡ್ಡ ಅಡ್ಡಿಯಲ್ಲ, ಬಹುತೇಕರಿಗೆ ಮೊದಲ ವರ್ಷದಲ್ಲೇ ಅಭ್ಯಾಸವಾಗುತ್ತದೆ. ಮಾತೇ ಬೇಡ, ಒಬ್ಬರೇ ಕೂತು ಕೆಲಸ ಮಾಡಬೇಕು ಎನ್ನುವ ಸ್ವಭಾವ ಮಾತ್ರ ಸುಲಭಕ್ಕೆ ಬದಲಾಗದು. ಅಂಥವರಿಗೆ ರೋಗಿಯ ಜೊತೆಗಿನ ಕೆಲಸಕ್ಕಿಂತ ಪ್ರಯೋಗಾಲಯ, ದತ್ತಾಂಶ ವಿಶ್ಲೇಷಣೆ, ಗುಣಮಟ್ಟ ಪರೀಕ್ಷೆ ಒಗ್ಗುತ್ತವೆ.

ದ್ವಿತೀಯ ಪಿಯುಸಿಯಲ್ಲಿ ಹಾಕಲೇಬೇಕಾದ ಅರ್ಜಿಗಳು

ನಮ್ಮ ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದೇ. ಕೆಳಗಿನ ಪರೀಕ್ಷೆಗಳ ಜೀವಶಾಸ್ತ್ರಕ್ಕೂ ಅದೇ ಬುನಾದಿ. ಹಾಗಾಗಿ ಓದು ಒಂದೇ, ಪ್ರಶ್ನೆ ಕೇಳುವ ರೀತಿ ಮಾತ್ರ ಬೇರೆ.

ನೀಟ್: 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಜೀವಶಾಸ್ತ್ರಕ್ಕೇ 360 ಅಂಕ. ಇಬ್ಬರಿಗೆ ಸಮ ಅಂಕ ಬಂದರೆ ಮೊದಲು ನೋಡುವುದೂ ಜೀವಶಾಸ್ತ್ರದ ಅಂಕವನ್ನೇ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಅಂಕ ಬೇಕು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಭಾಷೆಯನ್ನು ಅರ್ಜಿ ಹಾಕುವಾಗಲೇ ಆರಿಸಬೇಕು. ಕನ್ನಡ ಆರಿಸಿದವರಿಗೆ ಇಂಗ್ಲಿಷ್ ಪ್ರಶ್ನೆಯೂ ಜೊತೆಗಿರುತ್ತದೆ, ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ.

ಸಿಇಟಿ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಪರೀಕ್ಷೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಎಂಜಿನಿಯರಿಂಗ್ ಇವಕ್ಕೆಲ್ಲ ಇಲ್ಲಿಂದಲೇ ರ‍್ಯಾಂಕ್. "ನಾನು ಬಯಾಲಜಿಯವನು" ಎಂದು ಗಣಿತ ಪತ್ರಿಕೆಗೆ ಗೈರಾಗುವವರು ಪ್ರತಿ ವರ್ಷ ಇರುತ್ತಾರೆ. ಗಣಿತ ಓದಿದ್ದರೆ ನಾಲ್ಕೂ ಬರೆಯಿರಿ. ಬರೆಯದ ಪತ್ರಿಕೆಯ ರ‍್ಯಾಂಕ್ ಆಮೇಲೆ ಹುಟ್ಟುವುದಿಲ್ಲ.

ಐಸರ್ ಪ್ರವೇಶ ಪರೀಕ್ಷೆ: ನಾಲ್ಕು ವಿಷಯಕ್ಕೆ ತಲಾ 15ರಂತೆ 60 ಪ್ರಶ್ನೆ, 240 ಅಂಕ, ಮೂರು ಗಂಟೆ, ತಪ್ಪಿಗೆ 1 ಅಂಕ ಕಡಿತ. ತಿರುಪತಿ, ತಿರುವನಂತಪುರ, ಪುಣೆ, ಭೋಪಾಲ, ಮೊಹಾಲಿ, ಕೋಲ್ಕತ್ತ, ಬರ್ಹಾಂಪುರ ಈ ಏಳೂ ಐಸರ್‌ಗಳಿಗೆ ಇದೊಂದೇ. ಬಾಯಿಪಾಠ ಇಲ್ಲಿ ನಡೆಯದು. ಒಂದು ಪ್ರಯೋಗ ಕೊಟ್ಟು "ಹೀಗಾದರೆ ಏನರ್ಥ?" ಎನ್ನುವ ಬಗೆಯ ಪ್ರಶ್ನೆಗಳಿಗೆ ತಯಾರಾಗಿ.

ನೆಸ್ಟ್: ಭುವನೇಶ್ವರದ ರಾಷ್ಟ್ರೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ಅಂದರೆ ನೈಸರ್ ಮತ್ತು ಮುಂಬೈನ ಮೂಲವಿಜ್ಞಾನ ಕೇಂದ್ರದ ಪ್ರವೇಶ ಪರೀಕ್ಷೆ. ನಾಲ್ಕು ವಿಭಾಗಗಳಲ್ಲಿ ಚೆನ್ನಾಗಿ ಬರೆದ ಮೂರನ್ನು ರ‍್ಯಾಂಕ್‌ಗೆ ಹಿಡಿಯುತ್ತಾರೆ. ಗಣಿತದಲ್ಲಿ ಹಿಂದಿರುವವರಿಗೆ ಇದು ಐಸರ್‌ಗಿಂತ ಹೊಂದುತ್ತದೆ.

ಸಿಯುಇಟಿ: ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ಜೊತೆಗೆ ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್) ತುಂಬುವ ಅಖಿಲ ಭಾರತ ಪಾಲಿನ ಸೀಟುಗಳಿಗೆ.

ಇವುಗಳ ಅರ್ಜಿಗಳು ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್ ಒಳಗೆ ತೆರೆದು ಮುಚ್ಚುತ್ತವೆ. ಅದೇ ಹೊತ್ತಿಗೆ ಪಿಯುಸಿ ಪ್ರಾಯೋಗಿಕ, ಆಮೇಲೆ ವಾರ್ಷಿಕ ಪರೀಕ್ಷೆ. ವಿದ್ಯಾರ್ಥಿಗೆ ಪುರುಸೊತ್ತಿಲ್ಲದ ಕಾಲ ಅದು. ಮನೆಯವರಲ್ಲಿ ಒಬ್ಬರು ಈ ಕೆಲಸ ವಹಿಸಿಕೊಂಡು, ಪ್ರತಿ ಸೋಮವಾರ ಐದೂ ಅಧಿಕೃತ ಜಾಲತಾಣಗಳನ್ನು ನೋಡುವುದು ಒಳ್ಳೆಯದು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವುದಾದರೆ ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಅಂಗಡಿಯವರ ಇಮೇಲ್ ಹಾಕಿಸಿಕೊಂಡು ಸೀಟು ಹಂಚಿಕೆಯ ದಿನ ಲಾಗಿನ್ ಆಗಲಾಗದೆ ಪರದಾಡುವವರು ಬಹಳ.

ದಾಖಲೆಗಳು: ಸೀಟು ತಪ್ಪುವುದು ಹೆಚ್ಚಾಗಿ ಇಲ್ಲೇ

ಅಂಕ ಇದ್ದೂ ಸೀಟು ಕಳೆದುಕೊಳ್ಳುವುದು ನೋಡಲು ಬಲು ಸಂಕಟದ ವಿಷಯ. ಅದನ್ನು ತಪ್ಪಿಸಲು ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಈ ಕೆಲಸ ಶುರು ಮಾಡಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಕೆಇಎ ಅರ್ಜಿಯಲ್ಲಿ ತುಂಬಬೇಕು. ಪ್ರಮಾಣಪತ್ರದಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು ಮೂರೂ ಒಂದೇ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ.

ತುಂಬ ಜನ ಎಡವುವ ಜಾಗ ಒಂದಿದೆ. ರಾಜ್ಯದ 2ಎ, 2ಬಿ, 3ಎ, 3ಬಿ ಪ್ರಮಾಣಪತ್ರ ಕೆಇಎಗೆ ಮಾತ್ರ. ನೀಟ್‌ನ ಅಖಿಲ ಭಾರತ ಕೋಟಾ, ಐಸರ್, ಸಿಯುಇಟಿ ಇವಕ್ಕೆ ಕೇಂದ್ರದ ಪಟ್ಟಿಯ ಪ್ರಕಾರ ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ಎರಡನ್ನೂ ನೋಡಿ, ಅರ್ಹತೆ ಇದ್ದರೆ ಎರಡನ್ನೂ ಮಾಡಿಸಿಡಿ.

ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಮೀಸಲಾತಿ ಕೇಳಬಹುದು. ಶಾಲೆಯವರು ಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಹೋಗಬೇಕಾಗುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಕಲ್ಯಾಣ ಕರ್ನಾಟಕದವರು ಆ ಭಾಗದ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪ್ರಮಾಣಪತ್ರವನ್ನು ಮರೆಯಬಾರದು. ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಇಲ್ಲವೇ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಪಾಸು ಮಾಡಿದವರು ರಾಜ್ಯದ ಸೀಟಿಗೆ ನೇರ ಅರ್ಹರು. ಕಾಸರಗೋಡು, ಸೊಲ್ಲಾಪುರದಂಥ ಕಡೆಯ ಗಡಿನಾಡ ಕನ್ನಡಿಗರು ಮತ್ತು ಹೊರನಾಡ ಕನ್ನಡಿಗರು ಆಯಾ ವಿಭಾಗದಲ್ಲಿ ಅರ್ಜಿ ಹಾಕಿ, ಕೆಇಎ ನಡೆಸುವ 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಹೊಲ–ಗದ್ದೆ ಇರುವ ಮನೆಯವರು ಕೃಷಿಕರ ಕೋಟಾದ ಕಾಗದಗಳನ್ನು ಬೇರೆಯಾಗಿಯೇ ಸಿದ್ಧ ಮಾಡಿ. ಕೃಷಿ ಸಂಬಂಧಿ ಕೋರ್ಸ್‌ಗಳಿಗೆ ಈ ಕೋಟಾದಡಿ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಕಳೆ, ಸಲಕರಣೆಗಳನ್ನು ಗುರುತಿಸಿ ಹೇಳಬೇಕು. ಹೊಲದಲ್ಲಿ ಕೈ ಕೆಸರು ಮಾಡಿಕೊಂಡ ಮಕ್ಕಳಿಗೆ ಇದು ಸಹಜವಾಗಿ ಬರುತ್ತದೆ. ಆದರೂ ಕಳೆಗಳ ಮತ್ತು ಕೀಟಗಳ ಹೆಸರನ್ನು ಒಮ್ಮೆ ನೋಡಿಕೊಂಡು ಹೋಗಿ.

ನೀಟ್ ಅಂಕ ಬಂದ ಮೇಲೆ

"ಕ್ವಾಲಿಫೈ ಆಯಿತು" ಎಂಬುದಕ್ಕೂ "ಸೀಟು ಸಿಕ್ಕಿತು" ಎಂಬುದಕ್ಕೂ ಬಹಳ ದೂರ. 2025ರಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 720ಕ್ಕೆ 144 ಮಾತ್ರ. ಆ ಅಂಕಕ್ಕೆ ಸರ್ಕಾರಿ ಎಂಬಿಬಿಎಸ್ ಸೀಟು ಕನಸಿನಲ್ಲೂ ಬಾರದು. ಕಳೆದ ವರ್ಷಗಳ ಅಂಕದ ಜೊತೆ ಹೋಲಿಸುವುದೂ ತಪ್ಪು. 2024ರಲ್ಲಿ ಪೂರ್ತಿ 720 ಪಡೆದವರು ಹಲವರಿದ್ದರು, 2025ರಲ್ಲಿ ಅತಿ ಹೆಚ್ಚು ಅಂಕವೇ 686. ಹಾಗಾಗಿ ಅಂಕ ಬಿಟ್ಟು ರ‍್ಯಾಂಕ್ ನೋಡಿ. ಹಿಂದಿನ ವರ್ಷ ಯಾವ ಕಾಲೇಜಿನಲ್ಲಿ, ಯಾವ ವರ್ಗಕ್ಕೆ, ಯಾವ ರ‍್ಯಾಂಕ್‌ವರೆಗೆ ಸೀಟು ಹೋಯಿತು ಎಂಬ ಪಟ್ಟಿ ಕೆಇಎ ತಾಣದಲ್ಲಿ ಇರುತ್ತದೆ.

ಸರ್ಕಾರಿ ಕಾಲೇಜುಗಳ ಶೇ 15 ಸೀಟುಗಳನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಉಳಿದ ಶೇ 85ನ್ನು ಕೆಇಎ ತುಂಬುತ್ತದೆ. ಎರಡಕ್ಕೂ ಬೇರೆ ಬೇರೆ ನೋಂದಣಿ. ನೀಟ್ ಬರೆದ ಮಾತ್ರಕ್ಕೆ ಕೆಇಎಯಲ್ಲಿ ನಿಮ್ಮ ಹೆಸರು ಬರುವುದಿಲ್ಲ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು–ಕೋರ್ಸ್‌ಗಳ ಪಟ್ಟಿ ತುಂಬುವಾಗ, ಪಾಲಿಸಬೇಕಾದ್ದು ಒಂದೇ ನಿಯಮ: ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲಿ ತುಂಬಿ, "ನನಗೆ ಇಷ್ಟೇ ಸಿಗಬಹುದು" ಎಂಬ ಲೆಕ್ಕದಲ್ಲಿ ಬೇಡ. ಮೇಲಿನ ಆಯ್ಕೆ ಸಿಗದಿದ್ದರೆ ತಂತಾನೇ ಕೆಳಗಿನದಕ್ಕೆ ಇಳಿಯುತ್ತದೆ. ದೊಡ್ಡ ಕಾಲೇಜನ್ನು ಮೊದಲು ಹಾಕಿದ್ದಕ್ಕೆ ಯಾವ ದಂಡವೂ ಇಲ್ಲ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಅಣಕು ಹಂಚಿಕೆ ಬಂದಾಗ ಅದನ್ನು ನೋಡಿ ಕ್ರಮ ತಿದ್ದಿಕೊಳ್ಳಬಹುದು.

ಸೀಟು ಬಂದ ಮೇಲೆ ನಾಲ್ಕು ಆಯ್ಕೆ ಇರುತ್ತವೆ. ಒಂದನೆಯದು, ತೃಪ್ತಿಯಾಗಿದೆ, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಗೆ. ಎರಡನೆಯದನ್ನು ಒತ್ತಿದವರಿಗೆ ಮೇಲಿನ ಆಯ್ಕೆ ಸಿಕ್ಕರೆ ಹಳೆಯ ಸೀಟು ಆ ಕ್ಷಣವೇ ಹೋಗುತ್ತದೆ, ಮತ್ತೆ ಕೇಳಿದರೂ ಸಿಗದು. ಆದ್ದರಿಂದ ಮುಂದಿನ ಸುತ್ತಿಗೆ ಮುನ್ನ ಕೈಯಲ್ಲಿರುವ ಸೀಟಿಗಿಂತ ನಿಜಕ್ಕೂ ಉತ್ತಮವಲ್ಲದ ಆಯ್ಕೆಗಳನ್ನೆಲ್ಲ ಪಟ್ಟಿಯಿಂದ ಅಳಿಸಿ. ಶುಲ್ಕದ ಗಡುವು, ಕೊನೆಯ ಸುತ್ತಿನ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ಸುತ್ತಿನ ಸೂಚನೆಯನ್ನು ಅಕ್ಷರಶಃ ಓದಿ.

ಮತ್ತೊಂದು ವರ್ಷ ನೀಟ್‌ಗೆ ಕೂರಬೇಕೇ? ಒಟ್ಟು ಅಂಕಕ್ಕಿಂತ ವಿಷಯವಾರು ಅಂಕ ನೋಡಿ ನಿರ್ಧರಿಸಿ. ಜೀವಶಾಸ್ತ್ರದಲ್ಲಿ 300 ದಾಟಿ, ಭೌತಶಾಸ್ತ್ರದಲ್ಲಿ ಕುಸಿದಿದ್ದರೆ ಒಂದು ವರ್ಷದಲ್ಲಿ ಏರುವ ಸಾಧ್ಯತೆ ಇದೆ, ಏಕೆಂದರೆ ಅಭ್ಯಾಸದಿಂದ ಸುಧಾರಿಸುವ ವಿಷಯ ಅದು. ಮೂರರಲ್ಲೂ ಅರ್ಧದ ಆಸುಪಾಸಿನಲ್ಲೇ ಇದ್ದರೆ, ಅದೂ ಒಂದು ವರ್ಷ ಕೋಚಿಂಗ್ ಮುಗಿಸಿದ ಮೇಲೆ, ಇನ್ನೊಂದು ವರ್ಷ ಕೊಡುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಮೂರನೇ ಸಲದ ಬಗ್ಗೆಯಂತೂ ಮಗುವಿನ ಮುಖ ನೋಡಿ ಮಾತಾಡಿ, ನೆಂಟರ ಮಾತು ಕೇಳಿ ಅಲ್ಲ. ವಿದೇಶದ ಎಂಬಿಬಿಎಸ್‌ಗೂ ನೀಟ್ ಅರ್ಹತೆ ಕಡ್ಡಾಯ. ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಜೊತೆಗೆ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು, ಆ ದೇಶದಲ್ಲೇ ವೈದ್ಯರಾಗಿ ನೋಂದಣಿಯಾಗಲು ಅರ್ಹವಾಗಿರಬೇಕು. ಏಜೆಂಟರು ಈ ನಾಲ್ಕನ್ನೂ ಬರಹದಲ್ಲಿ ತೋರಿಸದಿದ್ದರೆ ಹಣ ಕೊಡಬೇಡಿ.

ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ದಂತವೈದ್ಯಕ್ಕೆ ಐದು, ಆಯುರ್ವೇದ ಮತ್ತು ಹೋಮಿಯೋಪಥಿಗೆ ಐದೂವರೆ. ಆಯುರ್ವೇದವನ್ನು ಎಂಬಿಬಿಎಸ್ ಸಿಗದ ಬೇಸರಕ್ಕೆ ಸೇರಿದವರು ಅರ್ಧದಲ್ಲೇ ಸೋಲುತ್ತಾರೆ. ಸಂಸ್ಕೃತ ಶ್ಲೋಕಗಳನ್ನು ಅರ್ಥಸಹಿತ ಓದುವ ಮನಸ್ಸಿದ್ದರೆ ಮಾತ್ರ ಅದು ನಿಮ್ಮದು.

ಕೃಷಿ, ಪಶುವೈದ್ಯಕೀಯ, ಮೀನುಗಾರಿಕೆ, ಅರಣ್ಯ

ಈ ರಾಜ್ಯದಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಗೆ ಇಷ್ಟು ಗಟ್ಟಿಯಾದ, ಆದರೆ ಪೇಟೆಯವರು ಇಷ್ಟು ಕಡೆಗಣಿಸಿದ ದಾರಿ ಇನ್ನೊಂದಿಲ್ಲ.

ನಾಲ್ಕು ವರ್ಷದ ಬಿಎಸ್ಸಿ ಕೃಷಿಗೆ ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಿವೆ, ತೋಟಗಾರಿಕೆಗೆ ಬಾಗಲಕೋಟೆ. ಅರಣ್ಯ ಶಾಸ್ತ್ರಕ್ಕೆ ಶಿರಸಿ ಮತ್ತು ಪೊನ್ನಂಪೇಟೆ, ರೇಷ್ಮೆ ಕೃಷಿಗೆ ಚಿಂತಾಮಣಿ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಕೃಷಿ ಪದವಿಯ ಭಾಗ. ಪದವಿಯ ನಂತರ ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳು, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ, ನಬಾರ್ಡ್, ಬೀಜ ಮತ್ತು ಗೊಬ್ಬರದ ಕಂಪನಿಗಳು ಇವೆ. ಬ್ಯಾಂಕಿನ ಹುದ್ದೆಗೆ ತೋಟಗಾರಿಕೆ, ಪಶುವೈದ್ಯಕೀಯ, ಮೀನುಗಾರಿಕೆ, ಅರಣ್ಯ, ರೇಷ್ಮೆ ಓದಿದವರೂ ಅರ್ಹರು. ಬರೀ ಸಸ್ಯಶಾಸ್ತ್ರದ ಬಿಎಸ್ಸಿ ಮಾಡಿದವರು ಅರ್ಹರಲ್ಲ. ಗಿಡಮರ ಇಷ್ಟ, ಬೇಗ ಕೆಲಸವೂ ಬೇಕು ಎನ್ನುವವರು ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ.

ಪಶುವೈದ್ಯಕೀಯ ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೀದರ್ ಕೇಂದ್ರವಾಗಿರುವ ವಿಶ್ವವಿದ್ಯಾಲಯದಡಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಕಾಲೇಜುಗಳಿವೆ. ರಾಜ್ಯದ ಸೀಟು ಸಿಇಟಿ ರ‍್ಯಾಂಕ್ ಮೇಲೆ, ಅಖಿಲ ಭಾರತ ಪಾಲಿನ ಶೇ 15 ನೀಟ್ ಮೇಲೆ. ದೇಹಬಲ ಬೇಕಾಗುವ ಕೆಲಸ ಇದು, ನಡುರಾತ್ರಿ ಕರು ಹಾಕಲಾಗದ ಹಸುವಿನ ಮನೆಗೆ ಹೋಗಬೇಕಾಗುತ್ತದೆ. ಸರ್ಕಾರಿ ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ, ಕೋಳಿ ಉದ್ಯಮ, ನಗರದ ಸಾಕುಪ್ರಾಣಿ ಕ್ಲಿನಿಕ್, ಲಸಿಕೆ ಕಂಪನಿ, ಮೃಗಾಲಯ ಹೀಗೆ ಕೆಲಸದ ಹರವು ದೊಡ್ಡದು.

ಕಾಡು, ವನ್ಯಜೀವಿ ಎಂದು ಮನಸ್ಸಿಟ್ಟವರು ಎರಡು ದಾರಿಗಳನ್ನು ಬೆರೆಸಬಾರದು. ಇಲಾಖೆಯ ಕೆಲಸ ಆಡಳಿತ ಮತ್ತು ಕಾವಲಿನದು. ವನ್ಯಜೀವಿ ವಿಜ್ಞಾನ ಸಂಶೋಧನೆಯದು. ಮೊದಲನೆಯದಕ್ಕೆ ಅರಣ್ಯ ಶಾಸ್ತ್ರ ಪದವಿ ಹೆಚ್ಚು ಅನುಕೂಲ, ವಲಯ ಅರಣ್ಯಾಧಿಕಾರಿ ನೇಮಕದಲ್ಲಿ ಆ ಪದವೀಧರರಿಗೆಂದೇ ಒಂದು ಪಾಲು ಇದೆ. ಭಾರತೀಯ ಅರಣ್ಯ ಸೇವೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದಂಥ ಒಂದು ವಿಷಯ ಇರುವ ಪದವಿ, ಇಲ್ಲವೇ ಕೃಷಿ, ಅರಣ್ಯ, ಪಶುವೈದ್ಯಕೀಯ, ಎಂಜಿನಿಯರಿಂಗ್ ಪದವಿ ಸಾಕು. ಯುಪಿಎಸ್‌ಸಿಯ ಪ್ರಿಲಿಮ್ಸ್ ನಾಗರಿಕ ಸೇವೆಯ ಜೊತೆಗೇ ನಡೆಯುತ್ತದೆ, ಮೇನ್ಸ್‌ನಲ್ಲಿ ಎರಡು ಐಚ್ಛಿಕ ವಿಷಯ ಬರೆಯಬೇಕು. ಕೃಷಿ ಮತ್ತು ಅರಣ್ಯವನ್ನು ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಎರಡನೇ ದಾರಿಗೆ ಯಾವುದಾದರೂ ಒಳ್ಳೆಯ ಪದವಿಯ ಮೇಲೆ ಎಂಎಸ್ಸಿ: ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆ, ಅಥವಾ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್. ಎನ್‌ಸಿಬಿಎಸ್‌ನ ವನ್ಯಜೀವಿ ಎಂಎಸ್ಸಿಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ಸೀಟೂ ಬಹಳ ಕಡಿಮೆ. ನಿಮ್ಮ ಪದವಿ ಮುಗಿಯುವ ವರ್ಷಕ್ಕೆ ಅದು ಹೊಂದುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ಪದವಿಯ ಮೂರೂ ವರ್ಷ ಹಕ್ಕಿ ಗಣತಿ, ಕಪ್ಪೆ ಸಮೀಕ್ಷೆ, ಗಿಡ ಗುರುತಿಸುವಿಕೆ ಏನನ್ನಾದರೂ ದಿನಾಂಕ ಸಹಿತ ನೋಟ್‌ಬುಕ್‌ನಲ್ಲಿ ದಾಖಲಿಸುತ್ತ ಬಂದಿದ್ದರೆ ಸಂದರ್ಶನದಲ್ಲಿ ಅದರ ತೂಕ ಅಂಕಪಟ್ಟಿಗಿಂತ ಹೆಚ್ಚು.

ಆಸ್ಪತ್ರೆಯ ಒಳಗೆ, ವೈದ್ಯರಲ್ಲದ ಕೆಲಸಗಳು

ನರ್ಸಿಂಗ್ ನಾಲ್ಕು ವರ್ಷ. ಫಾರ್ಮಸಿ ಪದವಿ ನಾಲ್ಕು, ಫಾರ್ಮ್ ಡಿ ಆರು. ಪ್ರಯೋಗಾಲಯ ತಂತ್ರಜ್ಞಾನ, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ, ಇಮೇಜಿಂಗ್, ಡಯಾಲಿಸಿಸ್, ಹೃದ್ರೋಗ ತಂತ್ರಜ್ಞಾನ, ಕಣ್ಣಿನ ಪರೀಕ್ಷೆಯ ಆಪ್ಟೊಮೆಟ್ರಿ ಇವೆಲ್ಲ ಇಂಟರ್ನ್‌ಶಿಪ್ ಸೇರಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಗಳು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಮಾತು ಬಾರದ ಮಕ್ಕಳ ಜೊತೆ ಕೆಲಸ ಮಾಡುವ ತಾಳ್ಮೆ ಇದ್ದವರಿಗೆ ಇಷ್ಟು ಸಾರ್ಥಕವಾದ ವೃತ್ತಿ ಅಪರೂಪ.

ಈ ಕ್ಷೇತ್ರದಲ್ಲಿ ಮೋಸ ಹೋಗುವುದೂ ಸುಲಭ. ಕಟ್ಟಡ ನೋಡಿ ಸೇರಬೇಡಿ, ಹಾಸಿಗೆ ಎಣಿಸಿ ಸೇರಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಯ ಜೊತೆ ಒಪ್ಪಂದವಿದೆ, ಅಲ್ಲಿ ರೋಗಿಗಳು ನಿಜವಾಗಿ ಬರುತ್ತಾರೆಯೇ, ಇವನ್ನು ಖುದ್ದಾಗಿ ಹೋಗಿ ನೋಡಿ. ಕಾಲೇಜಿನ ಸಂಯೋಜನೆ (ಅಫಿಲಿಯೇಷನ್) ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೇನಾ, ಆ ವರ್ಷಕ್ಕೂ ನವೀಕರಣವಾಗಿದೆಯೇ ಎಂದು ವಿಶ್ವವಿದ್ಯಾಲಯದ ತಾಣದಲ್ಲಿ ನೋಡಿ. "ಕಾಲೇಜಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎನ್ನುವ ಕಡೆ ಕಾಲಿಡಬೇಡಿ. ಡಯಾಲಿಸಿಸ್ ಸೂಜಿಯನ್ನು ಪುಸ್ತಕ ನೋಡಿ ಚುಚ್ಚಲಾಗದು. ತರಬೇತಿ ಇಲ್ಲದವರನ್ನು ಒಳ್ಳೆಯ ಆಸ್ಪತ್ರೆ ಮೊದಲ ವಾರವೇ ವಾಪಸು ಕಳಿಸುತ್ತದೆ. ಈ ವೃತ್ತಿಗಳಿಗೆ 2021ರಲ್ಲಿ ಕೇಂದ್ರದ ಕಾಯ್ದೆ, ಪ್ರತ್ಯೇಕ ಆಯೋಗ ಬಂದಿರುವುದರಿಂದ ಮುಂದೆ ನೋಂದಣಿಯ ಪ್ರಶ್ನೆ ಇನ್ನೂ ಬಿಗಿಯಾಗಲಿದೆ.

ಶುದ್ಧ ವಿಜ್ಞಾನ: ಬಿಎಸ್ಸಿಯಿಂದ ಮುಂದೆ

ಪ್ರಶ್ನೆ ಕೇಳುತ್ತಲೇ ಇರುವ ಮಕ್ಕಳ ದಾರಿ ಇದು. ಇದು ಉದ್ದದ ದಾರಿ ಎಂದು ಮೊದಲೇ ತಿಳಿದಿರಲಿ: ಪದವಿ, ಎಂಎಸ್ಸಿ, ಪಿಎಚ್‌ಡಿ ಸೇರಿದರೆ ಹತ್ತು ವರ್ಷ ಸಾಮಾನ್ಯ. ಸಮಾಧಾನವೆಂದರೆ ಪಿಎಚ್‌ಡಿ ಹಂತದಲ್ಲಿ ಮನೆಯಿಂದ ಹಣ ತರಬೇಕಿಲ್ಲ. ಸಿಎಸ್‌ಐಆರ್ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಸಂಸ್ಥೆಗೆ ಅನುಗುಣವಾಗಿ ಮನೆ ಬಾಡಿಗೆ ಭತ್ಯೆ ಬೇರೆ. ಎರಡು ವರ್ಷದ ನಂತರ 42,000.

ಐಸರ್‌ನಂಥ ಕಡೆ ಸೀಟು ಸಿಗದಿದ್ದರೆ ಊರಿನ ಹತ್ತಿರದ ಬಿಎಸ್ಸಿಯಿಂದಲೂ ಅಲ್ಲಿಗೆ ತಲುಪಬಹುದು. ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ವಿಷಯ ಆರಿಸುವಾಗ ಹೆಸರಿನ ಹೊಳಪಿಗಿಂತ ಕಾಲೇಜಿನ ಪ್ರಯೋಗಾಲಯ ನೋಡಿ. ಜೈವಿಕ ತಂತ್ರಜ್ಞಾನ ಎಂದು ಬೋರ್ಡ್ ಹಾಕಿ, ಡಿಎನ್‌ಎ ಪ್ರತಿ ಮಾಡುವ ಪಿಸಿಆರ್ ಯಂತ್ರವನ್ನು ಗಾಜಿನ ಕಪಾಟಿನಲ್ಲಿಟ್ಟ ಕಾಲೇಜಿಗಿಂತ, ವಾರಕ್ಕೆ ಮೂರು ದಿನ ಪ್ರಾಯೋಗಿಕ ತರಗತಿ ನಡೆಸುವ ಸಿಬಿಝಡ್ ಕಾಲೇಜು ಮೇಲು. ರಸಾಯನಶಾಸ್ತ್ರವನ್ನು ಬಿಡಬೇಡಿ. ಜೀವರಸಾಯನ, ಔಷಧ, ಆಹಾರ ಎಲ್ಲದಕ್ಕೂ ಅದೇ ಕೀಲಿ. ಮಂಡಳಿಯ ಅಗ್ರ ಶೇ 1ರಲ್ಲಿದ್ದು ಮೂಲವಿಜ್ಞಾನ ಸೇರಿದವರಿಗೆ ವರ್ಷಕ್ಕೆ 80,000 ರೂಪಾಯಿಯ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಅವಕಾಶವಿದೆ. ನರ್ಸಿಂಗ್, ಕೃಷಿಯಂಥ ವೃತ್ತಿಪರ ಕೋರ್ಸ್‌ಗಳಿಗೆ ಇದು ಇಲ್ಲ.

ಎರಡನೇ ವರ್ಷದ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಉಳಿದೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಬೇಸಿಗೆಯ ಕಾರ್ಯಕ್ರಮವಾದರೂ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿಯುತ್ತದೆ. ಅರ್ಜಿಯಲ್ಲಿ "ನನಗೆ ಸಂಶೋಧನೆ ಎಂದರೆ ಆಸಕ್ತಿ" ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ಪ್ರಶ್ನೆ, ಯಾವ ಜೀವಿ, ಅದರಲ್ಲಿ ಈವರೆಗೆ ಏನು ಓದಿದ್ದೀರಿ ಎಂದು ಬರೆಯಿರಿ.

ಮೂರನೇ ವರ್ಷ ಮತ್ತೆ ಪರೀಕ್ಷೆಗಳ ಸಾಲು. ಐಐಟಿ, ಐಐಎಸ್‌ಸಿಗಳ ಎಂಎಸ್ಸಿಗೆ ಜಾಮ್, ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಎಂಎಸ್ಸಿಗಳಿಗೆ ಗ್ಯಾಟ್–ಬಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ, ಎನ್‌ಸಿಬಿಎಸ್‌ನಂಥ ಸಂಸ್ಥೆಗಳ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜೆಗೀಬಿಲ್ಸ್. ಆಹಾರ ವಿಜ್ಞಾನದ ಒಲವಿದ್ದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಎಂಎಸ್ಸಿಯನ್ನು ಗಮನದಲ್ಲಿಡಿ. ಎಂಎಸ್ಸಿಯ ನಂತರ ಜೆಆರ್‌ಎಫ್‌ಗಾಗಿ ಬರೆಯುವ ಸಿಎಸ್‌ಐಆರ್ ನೆಟ್ ಜೀವವಿಜ್ಞಾನ ಪತ್ರಿಕೆಯಲ್ಲಿ ಒಟ್ಟು 145 ಪ್ರಶ್ನೆ ಕೊಟ್ಟು 75ಕ್ಕೆ ಮಾತ್ರ ಉತ್ತರ ಕೇಳುತ್ತಾರೆ. 200 ಅಂಕದಲ್ಲಿ 100 ಅಂಕ ಮೂರನೇ ಭಾಗದ 25 ಉತ್ತರಗಳದ್ದೇ. ಅಲ್ಲಿ ಪ್ರಯೋಗ ವಿಶ್ಲೇಷಿಸಲು ಬಾರದವರು ಎಷ್ಟು ಬಾಯಿಪಾಠ ಮಾಡಿದರೂ ಜೆಆರ್‌ಎಫ್ ಗಡಿ ಮುಟ್ಟುವುದು ಕಷ್ಟ. ಎಲ್ಲ ಅಧ್ಯಾಯ ಓದಲು ಹೋಗದೆ ಏಳೆಂಟು ಘಟಕಗಳನ್ನು ಆಳವಾಗಿ ಓದಿ.

ಬಿಎಸ್ಸಿ, ಎಂಎಸ್ಸಿ ಮುಗಿಸಿ ಬೇಗ ಕೆಲಸ ಬೇಕಾದವರಿಗೆ

ಔಷಧ ಮತ್ತು ಲಸಿಕೆ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನ ಓದಿದವರಿಗೆ ಜಾಗವಿದೆ. ಸಂದರ್ಶನದಲ್ಲಿ ಕೇಳುವುದು ಸರಳ ಸಂಗತಿಗಳನ್ನು: ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಆಟೊಕ್ಲೇವ್‌ನಲ್ಲಿ 121 ಡಿಗ್ರಿಗೆ 15 ನಿಮಿಷ ಏಕೆ, ಪಿಪೆಟ್‌ನಲ್ಲಿ 20 ಮೈಕ್ರೋಲೀಟರ್ ಹೇಗೆ ಹೊಂದಿಸುತ್ತೀರಿ, ಒಂದು ಮೋಲಾರ್ ದ್ರಾವಣ ಹೇಗೆ ತಯಾರಿಸುತ್ತೀರಿ, ತಪ್ಪು ಬರೆದ ದಾಖಲೆಯನ್ನು ಹೇಗೆ ತಿದ್ದುತ್ತೀರಿ. ಕೊನೆಯದಕ್ಕೆ ಉತ್ತರ: ಅಳಿಸುವಂತಿಲ್ಲ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ದಿನಾಂಕ ಹಾಕಬೇಕು. ಇಷ್ಟು ಬಾರದೆ ವಾಪಸಾಗುವ ಎಂಎಸ್ಸಿ ಪದವೀಧರರು ಕಡಿಮೆ ಇಲ್ಲ. ಕೆಲಸ ಪಾಳಿಯದು, ಆರಂಭದ ಸಂಬಳ ದೊಡ್ಡದಲ್ಲ. ಎರಡು ವರ್ಷದ ಅನುಭವದ ಮೇಲೆ ಏರುತ್ತದೆ.

ಕಂಪ್ಯೂಟರ್ ಒಲವಿದ್ದರೆ ಪೈಥಾನ್ ಅಥವಾ ಆರ್ ಭಾಷೆ ಕಲಿತು ಜೈವಿಕ ಮಾಹಿತಿ ವಿಜ್ಞಾನದತ್ತ ಹೊರಳಬಹುದು. ಅದಕ್ಕೆಂದೇ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐಬಾಬ್ ಸಂಸ್ಥೆ ಇದೆ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಆಹಾರ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಕೃಷಿ, ಪಶುವೈದ್ಯಕೀಯ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ ಪದವೀಧರರು ಅರ್ಹರು. ವಿಧಿವಿಜ್ಞಾನಕ್ಕೆ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ತೆರೆದಿದೆ.

ಕಲಿಸುವುದು ಇಷ್ಟವಾದರೆ ಸಿಬಿಝಡ್ ಬಿಎಸ್ಸಿ ಮೇಲೆ ಬಿಎಡ್ ಮಾಡಿ ಶಾಲಾ ಶಿಕ್ಷಕರಾಗಬಹುದು. 6ರಿಂದ 8ನೇ ತರಗತಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ ಬೇಕು. ಪಿಯು ಉಪನ್ಯಾಸಕರಾಗಲು ಎಂಎಸ್ಸಿ ಮತ್ತು ಬಿಎಡ್, ಪದವಿ ಕಾಲೇಜಿಗೆ ಎಂಎಸ್ಸಿ ಜೊತೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್. ಎಂಎಸ್ಸಿಯನ್ನು ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದಲ್ಲೇ ಮಾಡಿಕೊಳ್ಳುವುದು ಇಲ್ಲಿ ಮುಖ್ಯ. ನೇಮಕಾತಿ ಅಧಿಸೂಚನೆಯಲ್ಲಿ ವಿಷಯದ ಹೆಸರು ಅಕ್ಷರಶಃ ನೋಡುತ್ತಾರೆ, ಹೊಸ ಹೆಸರಿನ ಕೋರ್ಸ್ ಮಾಡಿದವರು ಸಮಾನತೆಯ ಪ್ರಮಾಣಪತ್ರ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಎಂಎಸ್ಸಿಗೆ ಸೇರುವ ಮೊದಲೇ ಹಿಂದಿನ ಅಧಿಸೂಚನೆಯೊಂದನ್ನು ತೆರೆದು ನಿಮ್ಮ ವಿಷಯದ ಹೆಸರು ಅದರಲ್ಲಿದೆಯೇ ಎಂದು ನೋಡಿಕೊಳ್ಳಿ.